ದೊರೆಸಾನಿಯರ ಮುಂದೆ ಓದುವ ಹಾಳೆ

ಚಕ್‌ಲೋಲ್
ಫೆಬ್ರವರಿ 9, 1983

ತಮ್ಮಾ ನಸಾರಿಯೊ,

ಈ ಕಾಗದ ನಿನ್ನ ಕೈ ಸೇರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಶಿಬಿರದ ಲಾರಿ ಓಡಿಸುವ ಮೆಲ್ಚೋರ್ ತೆಕಾಶ್ ಸಂತೆಗೆ ಸಾಮಾನು ಕೊಳ್ಳಲು ಬಂದಾಗ ಅವನ ಕೈಗೆ ಕೊಡಬೇಕು. ಅವನು ಕಾಗದವನ್ನು ಟೋಪಿಯೊಳಗೆ ಇಟ್ಟುಕೊಳ್ಳುತ್ತಾನೆ. ಬೆವರಿಗೆ ಶಾಯಿ ಕಲಸಿಹೋದರೆ ಏನು ಗತಿ? ಅದಕ್ಕೇ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ಆಡಿಕೊಳ್ಳಬೇಡ.

ಅಜ್ಜಿಯ ಬಾಗಿಲಲ್ಲಿ ಕಾವಲು ತಲೆ ಕಾಣುತ್ತಿಲ್ಲ. ಅದನ್ನು ಹೇಳುವುದಕ್ಕೇ ಬರೆದದ್ದು.

ಅಪ್ಪ ಬಿಟ್ಟುಹೋದ ಜೇನುಮರಗಳಲ್ಲೆಲ್ಲ, ಆ ಟೊಳ್ಳು ದಿಮ್ಮಿಗಳಲ್ಲೆಲ್ಲ, ಅಜ್ಜಿಯೇ ಹಳಬಳು, ಚಪ್ಪರದಲ್ಲಿರುವ ಮಿಕ್ಕ ಮರಗಳೆಲ್ಲ ಅವಳ ಮಕ್ಕಳು ಮೊಮ್ಮಕ್ಕಳು. ಯಾವಾಗ ನೋಡಿದರೂ ಮರದ ನಡುವಿನ ತೂತಿನಲ್ಲಿ ಒಬ್ಬಳು ದೊರೆಸಾನಿ ತಲೆ ತುರುಕಿಕೊಂಡು ಕಾವಲು ಕೂತಿರುತ್ತಿದ್ದಳು. ಈಗ ತೂತು ಖಾಲಿ. ನಮ್ಮ ಮುಳ್ಳಿಲ್ಲದ ಜೇನನ್ನು ಹಳಬರು ಸುಮ್ಮನೆ ದೊರೆಸಾನಿ ಎಂದು ಕರೆಯಲಿಲ್ಲ. ಅವರು ಚುಚ್ಚುವುದಿಲ್ಲ, ಜಗಳಕ್ಕೆ ಬರುವುದಿಲ್ಲ. ಬೇಸರವಾದರೆ ಎದ್ದು ಹೋಗಿಬಿಡುತ್ತಾರೆ.

ಹಿರಿಯರು ದೋನ್ ಸೆಫೆರಿನೊ ಅವರನ್ನು ಕರೆಸಿದೆ. ಊರಿನಲ್ಲಿ ಜೇನಿನ ವಿಷಯ ತಿಳಿದವರೆಂದರೆ ಇನ್ನು ಅವರೊಬ್ಬರೇ. ಮರಕ್ಕೆ ಕಿವಿಯಿಟ್ಟು ಎಷ್ಟೋ ಹೊತ್ತು ಕೂತರು.

“ಏನವ್ವಾ, ಈ ಮನೇಲಿ ಜಗಳ ಆಯ್ತಾ?”

“ಜಗಳ ಅಲ್ಲ ದೋನ್ ಸೆಫೆರಿನೊ, ಸ್ವಲ್ಪ ಗಟ್ಟಿಯಾಗಿ ಮಾತಾಡಿದ್ವಿ.”

“ನಾನಿರೋದು ಊರಿನ ಆ ತುದೀಲಿ. ನನಗೇ ಕೇಳಿಸ್ತು. ಇಲ್ಲೇ ಇರೋ ಇವ್ರಿಗೆ ಕೇಳಿಸಿರಲ್ವಾ?”

ಆ ಜಗಳ ನಿನಗೂ ನೆನಪಿರಬೇಕು. ಅಪ್ಪ ತೀರಿಕೊಂಡ ಎಂಟನೇ ದಿನದ ಪ್ರಾರ್ಥನೆ ಮುಗಿದ ಬೆಳಿಗ್ಗೆಯೇ ನೀನು ಅಜ್ಜಿಯ ಎರಡೂ ತುದಿ ಮುಚ್ಚಿದ್ದ ಕಲ್ಲುಬಿಲ್ಲೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಹಳೇ ಊರು ಅಗೆಸುವ ನಿಮ್ಮ ಡಾಕ್ಟರಮ್ಮನಿಗೆ ತೋರಿಸಿ ತರುತ್ತೇನೆ ಎಂದೆ. ಅಪ್ಪನ ಮೂಳೆಯನ್ನೂ ತೋರಿಸ್ತೀಯಾ ಎಂದು ನಾನು ಕೂಗಿದೆ. ಈ ಹಿತ್ತಲಲ್ಲಿ ಜೇನು ಕಾಯ್ತಾ ಸಾಯೋಕೆ ನನ್ನಿಂದಾಗಲ್ಲ ಎಂದು ನೀನು ಕೂಗಿದೆ. ಎಲ್ಲವೂ ಅಜ್ಜಿಯ ಬಾಯಿ ತೆರೆದಿರುವಾಗಲೇ. ಆಮೇಲೆ ನಾನು ಮರದ ಬಿಲ್ಲೆ ಕೊಯ್ಯಿಸಿ ಮಣ್ಣು ಮೆತ್ತಿ ಮುಚ್ಚಿದೆ.

“ಮಳೆ ಬರೋ ತನಕ ಇಬ್ರೂ ಇವರೆದುರು ನಿಂತು ಮೆತ್ತಗೆ ಮಾತಾಡ್ಬೇಕು,” ಎಂದರು ದೋನ್ ಸೆಫೆರಿನೊ. “ಕಲ್ಲನ್ನೂ ತರಿಸು. ಮರದ ಬಿಲ್ಲೆ ಬೇಸಿಗೇಲಿ ಬಾಯಿ ಬಿಡುತ್ತೆ.”

“ಅವನು ಕಾಡಲ್ಲಿದಾನೆ. ಹಳಬರ ಊರು ಅಗೆಯೋ ಕೆಲಸ. ರಜ ಕೊಡಲ್ಲ.”

“ಬರೆದು ಕಳಿಸ್ಲಿ. ನೀನು ಓದು. ಮಾತು ಅವನದಾದ್ರೆ ಸಾಕು, ಬಾಯಿ ಯಾರದಾದ್ರೇನು?”

ಆದ್ದರಿಂದ ಇನ್ನು ಮೇಲೆ ಎರಡು ಹಾಳೆ ಬರೆ. ಒಂದು ನನಗೆ, ಅದರಲ್ಲಿ ಏನು ಬೇಕಾದರೂ ಬರೆದುಕೋ. ಇನ್ನೊಂದು ದೊರೆಸಾನಿಯರ ಮುಂದೆ ಓದುವ ಹಾಳೆ. ಅದರಲ್ಲಿ ಮೆತ್ತಗೆ ಬರೆ. ಕಲ್ಲು ಬೇಗ ಕಳಿಸು. ಹಾವು ಹುಳುಹುಪ್ಪಟೆ ನೋಡಿಕೊಂಡು ನಡೆ. ಬೂಟು ಕೊಡವಿ ಹಾಕಿಕೋ.

ನಿನ್ನ ಅಕ್ಕ
ಬಾಸಿಲಿಯಾ


ಶಿಬಿರ
ಫೆಬ್ರವರಿ 24, 1983

ಅಕ್ಕಾ,

ಕಾಗದ ಬಂತು. ಅಕ್ಷರ ಕಲಸಿಹೋಗಿಲ್ಲ, ಮೆಲ್ಚೋರನ ಕೂದಲೆಣ್ಣೆ ವಾಸನೆ ಹತ್ತಿದೆ ಅಷ್ಟೆ. ಜೇನಿಗೆ ಕಾಗದ ಬರೆಯುತ್ತಿದ್ದೇನೆಂದು ಇಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಇವರು ವರ್ಷವೆಲ್ಲ ಗುಂಯ್ ಎನ್ನುತ್ತ ಹಿಂದೆ ಬೀಳುತ್ತಾರೆ. ಕಲ್ಲುಗಳು ನಮ್ಮ ಡಾಕ್ಟರಮ್ಮ ಅರೆಯಾನೊ ಹತ್ತಿರ ಇವೆ. ಅಳತೆ ಆಗಬೇಕಂತೆ. ಇಲ್ಲಿ ಬಿಸಿಲು, ಉಣ್ಣೆಹುಳದ ಕಾಟ, ಮೂರು ಹೊತ್ತೂ ಕಪ್ಪು ಕಾಳು. ಬೂಟು ಕೊಡವುತ್ತಿದ್ದೇನೆ.

ನಸಾರಿಯೊ

(ಮುಂದೆ ಓದುವ ಹಾಳೆ)

ಮಾನ್ಯ ದೊರೆಸಾನಿಯರಲ್ಲಿ ಫೆರ್ಮಿನ್ ತಮಾಯ್ ಅವರ ಮಗ ನಸಾರಿಯೊ ಮಾಡಿಕೊಳ್ಳುವ ಅರಿಕೆ. ನಿಮ್ಮನ್ನು ನೋಡಿಕೊಳ್ಳುತ್ತಿರುವ ನನ್ನ ಅಕ್ಕ ಬಹಳ ಒಳ್ಳೆಯವಳು. ಬೆಳಗಿನಿಂದ ಸಂಜೆಯ ತನಕ ಚಿಂತೆ ಮಾಡುತ್ತಾಳೆ. ಚಿಂತೆಗೆ ಏನೂ ಸಿಗದ ದಿನ, ಏನೂ ಸಿಗಲಿಲ್ಲವಲ್ಲ ಎಂದು ಚಿಂತೆ ಮಾಡುತ್ತಾಳೆ. ಅದಕ್ಕೆ ತಾವು ಗಾಬರಿಯಾಗಬಾರದು. ಎಲ್ಲಿಗೂ ಹೋಗಬಾರದು. ತಾವು ಹೋದರೆ ಅವಳು ಅದನ್ನೂ ನನ್ನ ತಲೆಗೇ ಕಟ್ಟುತ್ತಾಳೆ.


ಚಕ್‌ಲೋಲ್
ಮಾರ್ಚ್ 10, 1983

ನಸಾರಿಯೊ,

ಆ ಹಾಳೆಯನ್ನು ಮುಂಚೆ ಒಮ್ಮೆ ಓದಿಕೊಳ್ಳದೆ ನೇರವಾಗಿ ಚಪ್ಪರಕ್ಕೆ ತೆಗೆದುಕೊಂಡು ಹೋದದ್ದು ನನ್ನ ಬುದ್ಧಿಗೇಡಿತನ. ತಲೆಗೆ ಬಟ್ಟೆ ಹಾಕಿಕೊಂಡು, ಮೇಣದಬತ್ತಿ ಹಚ್ಚಿ, ಗಟ್ಟಿಯಾಗಿ ಓದಲು ಶುರು ಮಾಡಿದೆ. ಚಿಂತೆಯ ಸಾಲು ಬಂತು. ಕೆಮ್ಮಿದೆ. ಬೇಲಿಯಾಚೆ ಬಟ್ಟೆ ಒಗೆಯುತ್ತಿದ್ದ ಪೆತ್ರೋನಾ, “ಯಾಕೆ ನಿಲ್ಲಿಸ್ದೆ? ಓದೇ, ಚೆನ್ನಾಗಿದೆ!” ಎಂದಳು. ಅರ್ಧಕ್ಕೆ ಬಿಟ್ಟರೆ ಅವರಿಗೆ ಇನ್ನೇನನ್ನಿಸುತ್ತದೋ ಎಂದು ಪೂರ್ತಿ ಓದಬೇಕಾಯಿತು. ಪೆತ್ರೋನಾ ಒಗೆಯುವ ಕಲ್ಲಿಗೆ ಆತುಕೊಂಡು ನಕ್ಕಳು. ಆ ನಗುವಿಗೆ ಅಜ್ಜಿಯೊಳಗೆ ಒಂದು ಸಣ್ಣ ಸದ್ದು ಎದ್ದ ಹಾಗಾಯಿತು. ಗಾಳಿಯೂ ಇರಬಹುದು.

ನಿನಗೆ ಎಲ್ಲ ತಮಾಷೆ. ಕಲ್ಲು ಎಲ್ಲಿ? ಅಳತೆ ಮಾಡಲು ಅದೇನು ಹೊಲವೇ? ಮುತ್ತಜ್ಜ ಅವನ್ನು ಹೊಲದ ದಿಬ್ಬದಲ್ಲಿ ತೆಗೆದಾಗ, ಹಳಬರ ವಸ್ತು ಕೇಳದೆ ಮುಟ್ಟಬಾರದೆಂದು ಬಿಳಿಜೋಳದ ಗಂಜಿಯಿಟ್ಟು ಅಪ್ಪಣೆ ಬೇಡಿದ್ದನಂತೆ. ನೀನು ಒಂದು ಸೋರೆಬುರುಡೆ ಗಂಜಿಯನ್ನೂ ಇಡಲಿಲ್ಲ. ಕೇಳದೆ ತೆಗೆದುಕೊಂಡು ಹೋದವನಿಗೆ ಏನಾಗುತ್ತದೋ. ಜ್ವರ ಬಂದಿದೆಯಾ? ಬಂದರೆ ಮುಚ್ಚಿಡಬೇಡ.

ಸೂಲಗಿತ್ತಿ ದೋನ್ಯ ಲಿಬೊರಿಯಾ ಬಂದಿದ್ದಳು. ಹೆರಿಗೆಯಾದವರಿಗೆ ಕೊಡಲು ದೊರೆಸಾನಿಯ ಜೇನು ಬೇಕಂತೆ, ಈಗ ಯಾರ ಮನೆಯಲ್ಲೂ ಇಲ್ಲವಂತೆ. ಅಪ್ಪ ಕೊನೆಯ ಸಲ ತೆಗೆದ ಸೀಸೆಯಲ್ಲಿ ತಳಕ್ಕೆ ಸ್ವಲ್ಪ ಇತ್ತು, ಕೊಟ್ಟೆ. ಇನ್ನು ಏನೂ ಇಲ್ಲ. ಇದು ಜೇನು ತೆಗೆಯಲು ಮರ ತೆರೆಯುವ ಕಾಲ. ಆದರೆ ತೆರೆಯುವವರು ಯಾರು? ನಮ್ಮಲ್ಲಿ ಕಾಯುವುದು ಹೆಂಗಸು, ತೆರೆಯುವುದು ಗಂಡಸು. ಅಪ್ಪ ಕಲ್ಲಿನ ಅಂಚಿನಲ್ಲಿ ಕೊರೆದ ಆ ಓರೆ ಕಚ್ಚಿಗೆ ಕತ್ತಿಯ ತುದಿ ಇಟ್ಟು ಒಮ್ಮೆ ಮೀಟಿದರೆ ಬಿಲ್ಲೆ ಮಗುವಿನ ಹಾಗೆ ಅವನ ಅಂಗೈಗೆ ಬರುತ್ತಿತ್ತು. ಮರದ ಬಿಲ್ಲೆಗೆ ಕಚ್ಚೂ ಇಲ್ಲ, ಏನೂ ಇಲ್ಲ.

ಈ ಸಲ ನೆಟ್ಟಗೆ ಬರೆ.

ಬಾಸಿಲಿಯಾ


ಶಿಬಿರ
ಮಾರ್ಚ್ 27, 1983

ಅಕ್ಕಾ,

ಜ್ವರ ಇಲ್ಲ. ಕಲ್ಲುಗಳನ್ನು ಮೆರಿದಾ ಪಟ್ಟಣಕ್ಕೆ ಕಳಿಸಿದ್ದಾರೆ. ಇಲ್ಲಿ ಅಗೆದು ತೆಗೆದ ಬೇರೆ ಸಾಮಾನಿನ ಜೊತೆ ಹೋದವು. ಅಲ್ಲಿ ಸರ್ಕಾರಿ ಉಗ್ರಾಣದಲ್ಲಿ ನಂಬರು ಬರೆದು ಇಡುತ್ತಾರೆ. ಡಾಕ್ಟರಮ್ಮ ಕೆಟ್ಟವರಲ್ಲ. ಚೀಟಿಯ ಮೇಲೆ ಅಪ್ಪನ ಹೆಸರು ಬರೆಸಿದ್ದಾರೆ. ಹಳಬರ ವಸ್ತುವೆಂದು ಬರೆದ ಮೇಲೆ ಮನೆಗೆ ಕೊಡಲು ಕಾನೂನಿಲ್ಲ ಎಂದರು. ನಾನು ಕೊಡುವಾಗ ಅವರು ಅದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮತ್ತೆ ಕೇಳುತ್ತೇನೆ. ಕೂಗಬೇಡ. ಕೂಗಬೇಕಿದ್ದರೆ ಬಾವಿಯ ಹತ್ತಿರ ಹೋಗಿ ಕೂಗು.

ನಸಾರಿಯೊ

(ಮುಂದೆ ಓದುವ ಹಾಳೆ)

ದೊರೆಸಾನಿಯರೇ,

ಹೋದ ಸಲ ತಮಾಷೆ ಮಾಡಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಈ ವಾರ ಇಲ್ಲಿ ಒಂದು ಹಳೇ ಮನೆಯ ಹಿತ್ತಲು ಅಗೆದೆವು. ಒಂದು ಗಜ ಕೆಳಗೆ ನಿಮ್ಮ ಬಾಗಿಲಿನಂಥ ಕಲ್ಲುಬಿಲ್ಲೆಗಳು ಜೋಡಿ ಜೋಡಿಯಾಗಿ ಸಾಲಾಗಿ ಬಿದ್ದಿದ್ದವು. ಜೇನುಮರ ಇಟ್ಟ ಹಾಗೇ ಇದ್ದವು. ಮರ ಮಣ್ಣಾಗಿದೆ, ಚಪ್ಪರ ಮಣ್ಣಾಗಿದೆ, ನಿಮ್ಮವರು ಎಲ್ಲಿಗೆ ಹೋದರೋ ಗೊತ್ತಿಲ್ಲ. ಬಾಗಿಲುಗಳು ಮಾತ್ರ ಉಳಿದಿದ್ದವು. ಬೇರೆಯವರು ಊಟಕ್ಕೆ ಹೋದರು. ನಾನು ಅಲ್ಲೇ ಸ್ವಲ್ಪ ಹೊತ್ತು ಕೂತೆ.

ಅಪ್ಪ ನಿಮ್ಮನ್ನು ತೆರೆಯುವಾಗ ಜೇನಿನಲ್ಲಿ ಮುಳುಗಿ ಸತ್ತವರನ್ನೆಲ್ಲ ಆರಿಸಿ ಎಲೆಯಲ್ಲಿ ಕಟ್ಟಿ ನನ್ನ ಕೈಗೆ ಕೊಡುತ್ತಿದ್ದ. ಹೂಳುವ ಕೆಲಸ ನನ್ನದಾಗಿತ್ತು. ಅದನ್ನು ಚೆನ್ನಾಗಿಯೇ ಮಾಡುತ್ತಿದ್ದೆ. ಆಮೇಲೆ ದೊಡ್ಡವನಾದೆನೆಂದು ಕತ್ತಿ ಕೊಟ್ಟ. ನಾನು ಎಡಚ. ಆ ಕಚ್ಚು ಬಲಗೈಗೆ ಓರೆಯಾಗಿ ಕೊರೆದದ್ದು. ನಾನು ಮೀಟಿದಾಗಲೆಲ್ಲ ಕತ್ತಿ ಜಾರಿ ಕೈಗೆ ಬೀಳುತ್ತಿತ್ತು, ಬಿಲ್ಲೆ ಕೆಳಗೆ ಬೀಳುತ್ತಿತ್ತು, ನೀವು ಗಾಬರಿಯಾಗಿ ಏಳುತ್ತಿದ್ದಿರಿ. ಬಲಗೈಯಲ್ಲಿ ಮಾಡು ಎಂದ, ಆಗಲಿಲ್ಲ. ಒಂದು ದಿನ, “ಬಿಡು ಮಗಾ, ಇದು ನಿನ್ನ ಕೈಗೆ ಮಾಡಿದ್ದಲ್ಲ,” ಎಂದು ಕತ್ತಿ ವಾಪಸು ತೆಗೆದುಕೊಂಡ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇಲ್ಲಿ ಸಿಕ್ಕಿದ ಬಿಲ್ಲೆಗಳಲ್ಲಿ ಒಂದಕ್ಕೆ ಕಚ್ಚು ಇತ್ತು. ನಮ್ಮದಕ್ಕೆ ಎದುರು ಕಡೆಯಿಂದ ಓರೆ. ಎಡಗೈಯಲ್ಲಿ ಹಿಡಿದು ನೋಡಿದೆ. ಡಾಕ್ಟರಮ್ಮ ನಂಬರು ಹಾಕು ಎಂದರು, ಹಾಕಿದೆ.

ಇಷ್ಟೇ ಸಮಾಚಾರ. ಇರಿ.


ಚಕ್‌ಲೋಲ್
ಏಪ್ರಿಲ್ 14, 1983

ತಮ್ಮಾ,

ಬಾವಿಯ ಹತ್ತಿರ ಹೋಗಿ ಕೂಗಿ ಬಂದೆ. ನೀರು ಸೇದಲು ಬಂದಿದ್ದವರು ಏನಾಯ್ತು ಬಾಸಿಲಿಯಾ ಎಂದು ಕೇಳಿದರು, ಇಲಿ ಕಂಡೆ ಎಂದೆ. ಅಪ್ಪನ ಕಲ್ಲು ಉಗ್ರಾಣದಲ್ಲಿ! ಮೆಲ್ಚೋರನನ್ನು ಕೇಳಿದರೆ, “ಮೆರಿದಾಕ್ಕೆ ಹೋದದ್ದು ವಾಪಸ್ ಬಂದದ್ದನ್ನ ನಾನಂತೂ ನೋಡಿಲ್ಲಮ್ಮ. ಆ ದಾರಿ ಒಂದೇ ಕಡೆಗೆ ಇಳಿಜಾರು,” ಎನ್ನುತ್ತಾನೆ.

ನಿನ್ನ ಹಾಳೆಯನ್ನು ಎರಡು ದಿನ ಓದಿದೆ. ಪೆತ್ರೋನಾ ಎರಡು ದಿನವೂ ಬೇಲಿಯ ಹತ್ತಿರ ಬಂದು ನಿಂತಿದ್ದಳು, ನಗಲಿಲ್ಲ. ಅಪ್ಪ ಆ ಮಾತು ಆಡಿದ್ದು ನನಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತೇನೋ, ಅದೊಂದು ದೊಡ್ಡ ಮಾತೆಂದು ತಿಳಿದಿರಲಿಲ್ಲ. ನಿನ್ನ ಕೈಗೆ ಬಟ್ಟೆ ಕಟ್ಟಿದ್ದು ನೆನಪಿದೆ.

ಇರಲಿ. ಇಲ್ಲಿ ಸುಡುವ ಬಿಸಿಲು. ದೋನ್ ಸೆಫೆರಿನೊ ಹೇಳಿದ ಹಾಗೇ ಮರದ ಬಿಲ್ಲೆ ಒಣಗಿ ಬಾಯಿ ಬಿಟ್ಟಿದೆ. ಬೆರಳು ಹೋಗುವಷ್ಟು ಸಂದು. ಕೆಂಪುಮಣ್ಣು ಬೂದಿ ಕಲೆಸಿ ಮೆತ್ತುತ್ತೇನೆ, ಮಾರನೇ ದಿನ ಉದುರುತ್ತದೆ. ಮೊನ್ನೆ ಇರುವೆ ಸಾಲು ಒಳಗೆ ಹೋಗುತ್ತಿತ್ತು. ಚಪ್ಪರದ ಕಂಬಗಳ ಸುತ್ತ ಬೂದಿ ಸುರಿದು, ನೀರಿನ ಚಿಪ್ಪಿಟ್ಟು, ಕಾವಲು ಕೂತಿದ್ದೇನೆ. ಅಡಿಗೆಯನ್ನೂ ಅಲ್ಲೇ ಮಾಡಿಕೊಳ್ಳೋಣವೆಂದರೆ ಹೊಗೆ ಅವರಿಗೆ ಆಗುವುದಿಲ್ಲ. ಪೆತ್ರೋನಾ ರೊಟ್ಟಿ ತಂದುಕೊಡುತ್ತಾಳೆ.

“ಹೊಸ ಮರಕ್ಕೆ ಹಾಕ್ಬಿಡೇ, ಯಾಕಿಷ್ಟು ಒದ್ದಾಡ್ತೀಯ?” ಎಂದಳು.

“ಯಾರು ಎತ್ತಿ ಹಾಕ್ತಾರೆ? ನೀನಾ?”

“ಅಯ್ಯೋ, ನನ್ನ ಗಂಡನ್ನೇ ಹಾಸಿಗೆಯಿಂದ ಎಬ್ಬಿಸಕ್ಕಾಗಲ್ಲ ನನಗೆ.”

ಕಿವಿಯಿಟ್ಟು ಕೇಳಿದೆ. ಒಳಗೆ ಸದ್ದಿದೆ, ಬಹಳ ತೆಳ್ಳಗಿದೆ. ದೂರದ ಮನೆಯಲ್ಲಿ ಯಾರೋ ಒಬ್ಬರೇ ಪ್ರಾರ್ಥನೆ ಮಾಡಿದ ಹಾಗೆ. ಇನ್ನೊಂದು ಬೇಸಿಗೆ ತಿಂಗಳು ಹೀಗೇ ಹೋದರೆ ಅಜ್ಜಿ ಇರುವುದಿಲ್ಲ. ಅಜ್ಜಿ ಹೋದರೆ ಮಿಕ್ಕ ಮರಗಳೂ ನಿಲ್ಲುವುದಿಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ. ನನ್ನ ಮನಸ್ಸು ಯಾವಾಗಲೂ ಕೆಟ್ಟದ್ದನ್ನೇ ಹೇಳುತ್ತದೆಂದು ನೀನು ಅನ್ನುತ್ತೀಯ. ಸರಿ, ಹಾಗಾದರೆ ನಿನ್ನ ಮನಸ್ಸು ಏನು ಹೇಳುತ್ತದೆ ಬರೆ.

ಬಾಸಿಲಿಯಾ


ಚಕ್‌ಲೋಲ್
ಮೇ 2, 1983

ನಸಾರಿಯೊ,

ಲಾರಿ ಬಂತು, ಕಾಗದ ಇಲ್ಲ. ಹಾಳೆಯೂ ಇಲ್ಲ. ದೊರೆಸಾನಿಯರಿಗೆ ಏನು ಹೇಳಲಿ? ಹಳೆಯದನ್ನೇ ಮತ್ತೆ ಓದಿದೆ. ಅವರು ಮೋಸ ಹೋಗುವವರಲ್ಲ.

ಹಾವು ಕಚ್ಚಿತೋ, ಹಳ್ಳಕ್ಕೆ ಬಿದ್ದೆಯೋ ಎಂದು ನಾನು ಅಳುವುದಕ್ಕೇ ಶುರು ಮಾಡಿದ್ದೆ. ಮೆಲ್ಚೋರ್ ಟೋಪಿ ತೆಗೆದು ತಲೆ ಕೆರೆದುಕೊಂಡ.

“ಅವನಿಗೇನಾಗಿದೆ? ಗುಂಡುಕಲ್ಲಿನ ಹಾಗಿದಾನೆ. ಕೆಲಸ ಬಿಟ್ಟ ಮೇಲೆ ನೀರಿನ ತೊಟ್ಟಿ ಪಕ್ಕ ಕೂತು ಟಕ್ಕು ಟಕ್ಕು ಅಂತ ಕಲ್ಲು ಕುಟ್ತಾನೆ. ಊಟಕ್ಕೂ ಬರಲ್ಲ. ಕೈಯೆಲ್ಲ ಗಾಯ.”

“ಯಾವ ಕಲ್ಲು?”

“ಕೇಳಿದ್ರೆ, ಲಾರಿ ಓಡ್ಸು ಹೋಗು ಅಂತಾನೆ. ನಾವೆಲ್ಲ ಸೇರಿ ಅವನಿಗೆ ಹಳಬರ ದೆವ್ವ ಹಿಡಿದಿದೆ ಅಂತ ತೀರ್ಮಾನ ಮಾಡಿದೀವಿ.”

ನನಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಯಿತೇನೋ, ಗೊತ್ತಿಲ್ಲ. ಇದರ ಜೊತೆ ಅಪ್ಪನ ಹಳೇ ಅಂಗಿಯ ಬಟ್ಟೆ ಹರಿದು ಕಳಿಸಿದ್ದೇನೆ. ಕೈಗೆ ಸುತ್ತಿಕೋ. ಕಲ್ಲಿನ ಚಕ್ಕೆ ಕಣ್ಣಿಗೆ ಸಿಡಿದೀತು, ಮುಖ ಆ ಕಡೆ ತಿರುಗಿಸಿಕೊಂಡು ಕುಟ್ಟು.

ಬಾಸಿಲಿಯಾ


ಶಿಬಿರ
ಮೇ 12, 1983

ಅಕ್ಕಾ,

ಮೆಲ್ಚೋರನ ಕೈಯಲ್ಲಿ ಗೋಣಿಚೀಲ ಕಳಿಸಿದ್ದೇನೆ. ಹುಲ್ಲಿನಲ್ಲಿ ಸುತ್ತಿದೆ, ನಿಧಾನವಾಗಿ ಬಿಚ್ಚು. ಕಲ್ಲುಗಳು ಮೆರಿದಾದಿಂದ ಬಂದವು. ಅಲ್ಲಿ ಚೆನ್ನಾಗಿ ತೊಳೆದಿದ್ದಾರೆ, ಅದಕ್ಕೆ ಬೆಳ್ಳಗೆ ಕಾಣುತ್ತವೆ. ನಂಬರನ್ನೂ ಅಳಿಸಿದ್ದಾರೆ. ಕೊಂಚ ಹಗುರ ಎನ್ನಿಸಬಹುದು. ತೊಳೆದರೆ ಹಾಗಾಗುತ್ತದಂತೆ.

ಮೊದಲು ಗಂಜಿ ಇಡು. ಈ ಸಲ ನನ್ನ ಹೆಸರಿನಲ್ಲೂ ಒಂದು ಬುರುಡೆ ಇಡು. ಬಟ್ಟೆ ಸಿಕ್ಕಿತು.

ನಸಾರಿಯೊ

(ಮುಂದೆ ಓದುವ ಹಾಳೆ)

ದೊರೆಸಾನಿಯರೇ, ನಿಮ್ಮ ಬಾಗಿಲು ಕಳಿಸಿದ್ದೇನೆ. ಗಟ್ಟಿ ಇದೆ, ಬಿಸಿಲಿಗೆ ಬಾಯಿ ಬಿಡುವುದಿಲ್ಲ. ಇರುವೆ ಬರುವುದಿಲ್ಲ. ಅಕ್ಕ ನಿಮ್ಮ ಹತ್ತಿರ ಕೂತು ಬಹಳ ದಣಿದಿದ್ದಾಳೆ. ಅವಳು ಸ್ವಲ್ಪ ಮಲಗಲಿ.


ಚಕ್‌ಲೋಲ್
ಜೂನ್ 3, 1983

ತಮ್ಮಾ ನಸಾರಿಯೊ,

ಕಲ್ಲು ಬಂದು ಮುಟ್ಟಿದವು. ಒಡೆದಿರಲಿಲ್ಲ. ಮೆಲ್ಚೋರ್ ಅವನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಮೇಲೆ ತನ್ನ ಅಂಗಿ ಹೊದಿಸಿಕೊಂಡು ಬಂದಿದ್ದ.

ತೊಳೆದರೆ ಕಲ್ಲು ಹಗುರವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಮೂರನೇ ಕ್ಲಾಸಿನ ತನಕ ಅದನ್ನು ಹೇಳಿಕೊಡುವುದಿಲ್ಲ.

ಗಂಜಿ ಎರಡು ಬುರುಡೆ ಇಟ್ಟೆ. ದೋನ್ ಸೆಫೆರಿನೊ ಬಂದರು. ಅಜ್ಜಿಯ ಮರದ ಬಿಲ್ಲೆ ತೆಗೆದು ಒಳಗೆ ನೋಡಿದರು. ಒಂದು ಕಡೆ ಮರಿಗೂಡು ಕೈಯಗಲದಷ್ಟು ಉಳಿದಿತ್ತು, ರಾಣಿಯೂ ಇದ್ದಳು. ಆ ತುದಿಯ ಕಲ್ಲು ಸರಿಯಾಗಿ ಕೂತಿತು. ಈ ತುದಿಯದಕ್ಕೆ ಮಣ್ಣು ಸ್ವಲ್ಪ ಜಾಸ್ತಿ ಹಿಡಿಯಿತು. ದೋನ್ ಸೆಫೆರಿನೊ ಕಲ್ಲಿನ ಅಂಚಿನ ಮೇಲೆ ಬೆರಳು ಆಡಿಸಿದರು. ಕಚ್ಚಿನ ಹತ್ತಿರ ಬಂದಾಗ ಬೆರಳು ನಿಂತಿತು. ನನ್ನ ಮುಖ ನೋಡಿದರು.

“ಬಾಸಿಲಿಯಾ, ಇದು ಫೆರ್ಮಿನ್‌ನ...”

“ದೊರೆಸಾನಿಯರ ಮುಂದೆ ಮಾತು ಬೇಡ, ದೋನ್ ಸೆಫೆರಿನೊ. ನೀವೇ ಹೇಳಿದ್ರಲ್ಲ, ಮಳೆ ಬರೋ ತನಕ ಮೆತ್ತಗೆ ಇರ್ಬೇಕು ಅಂತ.”

“ಹೇಳಿದ್ದೆ, ಹೇಳಿದ್ದೆ,” ಎಂದು ಕೆಮ್ಮಿದರು. ಮಣ್ಣು ಮೆತ್ತಿ ಮುಗಿಸಿ ಕೈ ತೊಳೆದುಕೊಂಡು, ಹೋಗುವಾಗ ಬೇಲಿಯಾಚೆ ನಿಂತು ಹೇಳಿದರು, “ಒಳ್ಳೇ ಕೆಲಸ ಕಣವ್ವ. ಮೆರಿದಾದವರು ಚೆನ್ನಾಗೇ ತೊಳೆದಿದಾರೆ.”

ಅಂದಿನಿಂದ ನಾನು ಚಪ್ಪರದಲ್ಲಿ ಕೂರುವುದನ್ನು ಬಿಟ್ಟಿದ್ದೇನೆ. ಪೂರ್ತಿ ಬಿಟ್ಟಿಲ್ಲ, ದಿನಕ್ಕೆ ಕೆಲವು ಸಲ ನೋಡಿ ಬರುತ್ತೇನೆ. ಇರುವೆ ಇಲ್ಲ. ಹೋದ ವಾರ ಮೊದಲ ಮಳೆ ಬಂತು. ಬೆಳಿಗ್ಗೆ ಎದ್ದು ಹೋದರೆ ತೂತಿನಲ್ಲಿ ತಲೆ ಇತ್ತು. ಒಬ್ಬಳೇ. ನಾನು ಹತ್ತಿರ ಹೋದರೂ ಸರಿಯಲಿಲ್ಲ. ಪೆತ್ರೋನಾಳನ್ನು ಕೂಗಿದೆ. ಅವಳು ಬಂದು ಬಗ್ಗಿ ನೋಡಿ, “ನಿನ್ನ ಹಾಗೇ ಮುಖ ಗಂಟು ಹಾಕ್ಕೊಂಡಿದಾಳಲ್ಲೇ,” ಎಂದಳು. ನನಗೆ ಅಳು ಬಂತು, ಸುಮ್ಮನೆ. ಈಗ ಮಳೆ ಜಾಸ್ತಿಯಾದರೆ ಚಪ್ಪರ ಸೋರುತ್ತದೇನೋ ಎಂಬ ಚಿಂತೆ ಹತ್ತಿದೆ. ಅದನ್ನು ಆಮೇಲೆ ಬರೆಯುತ್ತೇನೆ.

ಒಂದು ವಿಷಯ. ಮಣ್ಣು ಮೆತ್ತುವ ಮುಂಚೆ ನಾನು ಅಪ್ಪನ ಕತ್ತಿ ತಂದು ಆ ಕಚ್ಚಿಗೆ ಇಟ್ಟು ನೋಡಿದೆ. ಬಲಗೈಯಲ್ಲಿ ಮೀಟಿದರೆ ಜಾರುತ್ತದೆ. ಎರಡು ಸಲ ಜಾರಿತು, ಹೆಬ್ಬೆರಳಿಗೆ ಸ್ವಲ್ಪ ತಾಗಿತು, ಹೆಚ್ಚೇನಿಲ್ಲ. ದೋನ್ ಸೆಫೆರಿನೊಗೂ ಜಾರಿತು. ಆಮೇಲೆ ಕತ್ತಿಯನ್ನು ಎಡಗೈಗೆ ಬದಲಾಯಿಸಿ ಇಟ್ಟೆ. ಬೆಣ್ಣೆಗೆ ಇಟ್ಟ ಹಾಗೆ ಕೂತಿತು.

ಈ ವರ್ಷ ಅಜ್ಜಿಯನ್ನು ತೆರೆಯುವುದು ಬೇಡ, ಅವಳು ಚೇತರಿಸಿಕೊಳ್ಳಲಿ. ಬರುವ ಫೆಬ್ರವರಿಗೆ ಬೇಲಿಯ ಹಳದಿ ಹೂ ಮುಗಿದು ಕಾಡಿನ ಬಿಳಿ ಹೂ ಶುರುವಾದಾಗ ತೆರೆಯಬೇಕು. ಲಿಬೊರಿಯಾ ಈಗಲೇ ಸೀಸೆ ತಂದು ಇಟ್ಟುಹೋಗಿದ್ದಾಳೆ. ಊರಿನಲ್ಲಿ ಇರುವ ಗಂಡಸರೆಲ್ಲ ಬಲಗೈಯವರು. ನಾನು ಒಬ್ಬೊಬ್ಬರನ್ನೇ ನೆನೆಸಿಕೊಂಡು ನೋಡಿದೆ.

ಕತ್ತಿಗೆ ಎಣ್ಣೆ ಸವರಿ ಸೂರಿಗೆ ಸಿಕ್ಕಿಸಿದ್ದೇನೆ. ಎಲೆ ತಂದಿಡುವುದು, ಸತ್ತವರನ್ನು ಕಟ್ಟಿಕೊಡುವುದು, ಹೂಳುವುದು ಈ ಸಲ ನನ್ನ ಕೆಲಸ.

ನೀನು ಬರುತ್ತೀಯೆಂದು ದೊರೆಸಾನಿಯರಿಗೆ ಗಟ್ಟಿಯಾಗಿ ಹೇಳಿಬಿಟ್ಟಿದ್ದೇನೆ. ಇನ್ನು ಇಲ್ಲವೆನ್ನಲು ನನ್ನಿಂದಾಗುವುದಿಲ್ಲ.

ನಿನ್ನ ಅಕ್ಕ
ಬಾಸಿಲಿಯಾ